ಮಿಯಾಟಾ ತಳಕ್ಕ ಬ್ರೇಸ್ ಬಿಗಿದ ಕಥಿ, ಭೋಸರಿ ಶೆಡ್‌ನಿಂದ

ಪುಣೆ ಹತ್ರದ ನಾಶಿಕ್ ಫಾಟಾ ಫ್ಲೈಓವರ್ ಮ್ಯಾಲ ಒಂದೊಂದು ಜಾಯಿಂಟ್ ದಾಟಿದಾಗೂ ನನ್ನ ಗಾಡಿ ಒಳಗಿನ ಕನ್ನಡಿ ಎಷ್ಟು ನಡುಗ್ತಿತ್ತಂದ್ರ ಹಿಂದ ಬರೋದು ಒಂದು ಟೆಂಪೋನೋ ಮೂರು ಟೆಂಪೋನೋ ತಿಳೀತಿರ್ಲಿಲ್ಲ. ಸ್ಪೀಡ್ ಬ್ರೇಕರ್ ಸ್ವಲ್ಪ ಓರೆಯಾಗಿ ಹತ್ತಿದ್ರ ಎರಡೂ ಬಾಗಿಲದಾಗಿಂದ ಕಟ್ ಕಟ್ ಅಂತ ಸಪ್ಪಳ, ಸ್ಟೀರಿಂಗ್ ಕಾಲಮ್ ಕೈಯಾಗ ಗಡಗಡ. ಮನೆಯಾಕಿ ಒಂದು ಸಲ ಕುಂತು ಬಂದಾಕಿ "ಇದಕ್ಕ ಮ್ಯಾಲ ಛತ್ ಇಲ್ಲ ಅಂತ ಗೊತ್ತಿತ್ತು, ಕೆಳಗೂ ಏನೂ ಇಲ್ಲೇನು" ಅಂತ ಕೇಳಿದ್ಲು. ನಗ್ತಾ ಕೇಳಿದ್ದು, ಖರೇ ಆತು ಮುಂದ. ಆ ತಳಕ್ಕ ಬ್ರೇಸ್, ಅಂದ್ರ ಬಾಡಿ ತಿರುಚದಂಗ ಹಿಡಿಯೋ ಕಬ್ಬಿಣದ ಆಧಾರ, ಬಿಗಿದ ಕಥಿ ಇದು.

ಗಾಡಿ 1999ರ ಮಾಜ್ದಾ ಎಂಎಕ್ಸ್-5, ಜನ ಮಿಯಾಟಾ ಅಂತಾರಲ್ಲ ಅದ, ಎರಡನೇ ತಲೆಮಾರಿನ ಎನ್‌ಬಿ, 1.8 ಇಂಜಿನ್, ಇಂಗ್ಲೆಂಡಿನಿಂದ ಬಂದ ಬಲಗೈ ಸ್ಟೀರಿಂಗಿಂದು. ನನ್ನ ಕೈಗೆ ಬರೋದ್ರಾಗ ಮುಂಬೈನಾಗ ಇಬ್ಬರ ಕೈ ದಾಟಿತ್ತು. ಕಂಪನಿ ಇಲ್ಲಿ ಯಾವತ್ತೂ ಈ ಗಾಡಿ ಮಾರಿಲ್ಲ, ಹಂಗಾಗಿ ಸ್ಪೇರ್ ಎಲ್ಲಾ ಹೊರಗಿಂದ ತರಸಬೇಕು. ಸುದೈವಕ್ಕ 2016ರಾಗನ ಹತ್ತು ಲಕ್ಷ ಗಾಡಿ ದಾಟಿದ ಮಾಡೆಲ್ ಇದು, ಜಗತ್ತಿನಾಗ ಎಲ್ಲೋ ಒಂದು ಕಡೆ ಪಾರ್ಟ್ ಸಿಕ್ಕ ಸಿಗ್ತದ, ಕಸ್ಟಮ್ಸ್ ಡ್ಯೂಟಿ ಕಟ್ಟೋ ಧೈರ್ಯ ಇದ್ರ.

ಈ ಗಾಡಿ ಯಾಕ ಅಲುಗಾಡ್ತದ ಅನ್ನೋದಕ್ಕ ಒಂದು ಬೂಟಿನ ಡಬ್ಬಿ ಸಾಕು. ಮುಚ್ಚಳ ಹಾಕಿ, ಟೇಪ್ ಹಚ್ಚಿ, ಎರಡೂ ತುದಿ ಹಿಡಕೊಂಡು ಹಿಂಡಿ ನೋಡ್ರಿ, ಜಪ್ಪಯ್ಯ ಅಂದ್ರೂ ತಿರುಚೂದಿಲ್ಲ. ಮುಚ್ಚಳ ತಗದು ಹಿಂಡ್ರಿ, ಒದ್ದಿ ಅರಬಿ ಹಿಂಡಿದಂಗ ತಿರುಗ್ತದ. ಛತ್ ಇರೋ ಕಾರು ಮುಚ್ಚಳ ಹಾಕಿದ ಡಬ್ಬಿ. ಛತ್ ತಗದ್ರ ಉಳಿಯೋದು ಎರಡೂ ಬದಿ ಬಾಗಿಲ ಕೆಳಗಿನ ಸಿಲ್, ನಡುವಿನ ಟನಲ್ (ಎರಡು ಸೀಟಿನ ನಡುವ ಉಬ್ಬಿದ ಉದ್ದನ ತಗಡು), ಮತ್ತ ತಳದಾಗ ಉದ್ದಕ್ಕ ಹೋಗೋ ಎರಡು ತೆಳ್ಳನ ರೇಲ್, ಇಷ್ಟ. ಮಾಜ್ದಾದವ್ರು ಗೇರ್‌ಬಾಕ್ಸ್‌ಗೂ ಹಿಂದಿನ ಗಾಲಿ ತಿರುಗಿಸೋ ಡಿಫರೆನ್ಶಿಯಲ್‌ಗೂ ನಡುವ ಒಂದು ಅಲ್ಯುಮಿನಿಯಂ ಬೀಮ್ ಕೊಟ್ಟಾರ, ಪವರ್ ಪ್ಲಾಂಟ್ ಫ್ರೇಮ್ ಅಂತ ಹೆಸರು, ಅದರಿಂದ ಆಕ್ಸಿಲರೇಟರ್ ಒತ್ತಿದ ಕೂಡ್ಲೆ ಗಾಡಿ ಮಾತು ಕೇಳ್ತದ. ಆದ್ರ ಅದು ಇಂಜಿನ್ ಸಾಲು ನೆಟ್ಟಗಿಡೋದಕ್ಕ, ಬಾಡಿ ತಿರುಚೋದು ತಡಿಯೋದಕ್ಕ ಅಲ್ಲ. 2001ರ ಫೇಸ್‌ಲಿಫ್ಟ್‌ನಾಗ ಕಂಪನಿನ ಬಾಡಿ ಇನ್ನಷ್ಟು ಗಟ್ಟಿ ಮಾಡ್ತು. ನಂದು ಅದಕ್ಕಿಂತ ಹಿಂದಿಂದು.

ಎಲ್ಲರೂ ಮಾಡೋ ತಪ್ಪು ನಾನೂ ಮಾಡ್ದೆ. ಮೊದಲ ಸ್ಟ್ರಟ್ ಬಾರ್ ತಗೊಂಡೆ, ಅಂದ್ರ ಬಾನೆಟ್ ಕೆಳಗ ಎರಡೂ ಶಾಕ್ ಟವರ್ (ಶಾಕ್‌ನ ಮ್ಯಾಲಿನ ತುದಿ ಕೂಡೋ ಜಾಗ) ಜೋಡಿಸೋ ಅಡ್ಡ ಪಟ್ಟಿ. ಸೆಕೆಂಡ್ ಹ್ಯಾಂಡ್, ಪಾಲಿಶ್ ಮಾಡಿದ ಅಲ್ಯುಮಿನಿಯಂ, 6,500 ರೂಪಾಯಿ, ಬಾನೆಟ್ ಎತ್ತಿದ್ರ ಕಣ್ಣಿಗೆ ಹಬ್ಬ. ಎರಡೂ ಶಾಕ್ ಟವರ್ ಮ್ಯಾಲ 14ರ ಸ್ಪ್ಯಾನರ್ ಹತ್ತೋ ನಟ್ ಎರಡೆರಡು ಅವ, ಅವನ್ನ ಬಿಚ್ಚಿ ಬಾರ್ ಕೂಡಿಸಿ ಬಿಗಿಯೋದಕ್ಕ ಅರ್ಧ ತಾಸೂ ಹಿಡಿಲಿಲ್ಲ. ಮರುದಿನ ಆಫೀಸಿಗೆ ಹೋಗೋವಾಗ ಫ್ಲೈಓವರ್ ಮ್ಯಾಲ ಕನ್ನಡಿ ನೋಡ್ದೆ. ಮತ್ತ ಮೂರು ಟೆಂಪೋ.

ಆಮ್ಯಾಲ ಕುಂತು ವಿಚಾರ ಮಾಡ್ದಾಗ ಗೊತ್ತಾತು, ಇದರಾಗ ಬಾರ್‌ದೇನೂ ತಪ್ಪಿಲ್ಲ. ಮೆಕ್‌ಫರ್ಸನ್ ಸ್ಟ್ರಟ್ (ಶಾಕ್ ತಾನ ಗಾಲಿನೂ ನೆಟ್ಟಗ ಹಿಡಿಯೋ ಜೋಡಣಿ) ಇರೋ ಗಾಡಿಯಾಗ, ಅಂದ್ರ ನಮ್ಮಲ್ಲಿ ಓಡೋ ಬಹುತೇಕ ಹ್ಯಾಚ್‌ಬ್ಯಾಕ್‌ನಾಗ, ತಿರುವಿನ್ಯಾಗ ಬರೋ ಅಡ್ಡ ಜೋರು ಸೀದಾ ಟವರ್ ತುದಿಗೂ ಹೋಗ್ತದ, ಅಲ್ಲಿ ಎರಡು ಟವರ್ ಕೂಡಿಸಿ ಬಿಗಿದ್ರ ಏನರ ಲಾಭ ಅದ. ಎಂಎಕ್ಸ್-5ಗೆ ನಾಲ್ಕೂ ಕಡೆ ಡಬಲ್ ವಿಶ್‌ಬೋನ್. ಮ್ಯಾಲಿನ ಆರ್ಮ್, ಕೆಳಗಿನ ಆರ್ಮ್ ಎರಡೂ ಸಬ್‌ಫ್ರೇಮ್‌ಗೆ (ಬಾಡಿ ಕೆಳಗ ಬೋಲ್ಟ್ ಹಾಕಿದ ಗಟ್ಟಿ ಚೌಕಟ್ಟು) ಕುಂತಾವ, ಅಡ್ಡ ಜೋರೆಲ್ಲಾ ಅಲ್ಲೇ ಮುಗೀತದ, ಟವರ್‌ಗೆ ಬರೋದು ಸ್ಪ್ರಿಂಗ್ ಮತ್ತ ಶಾಕ್‌ದು ಮ್ಯಾಲ ಕೆಳಗಿನ ಜೋರು ಅಷ್ಟ. ನನ್ನ ಗಾಡಿ ತಿರುಚ್ತಿದ್ದದ್ದು ನಡುವ, ನಾನು ಪಟ್ಟಿ ಕಟ್ಟಿದ್ದು ಹಣೀಗೆ.

ಹಂಗಾಗಿ ಇನ್ನೊಂದು ಪೈಸಾ ಖರ್ಚು ಮಾಡೋಕಿಂತ ಮೊದಲ ಅಳತಿ ಮಾಡೋದು ಅಂತ ಠರಾಯಿಸ್ದೆ. ಖರ್ಚಿಲ್ಲದ ಕೆಲಸ ಮೊದಲ ಮುಗಿಸ್ದೆ. ಟೈರ್ ಹವಾ ನೋಡಿದ್ರ ನಾಲ್ಕೂ 35! ಇಂಥಾ ಹಗುರ ಗಾಡಿಗೆ ಕಂಪನಿ ಹೇಳೋದು 26 ಪಿಎಸ್‌ಐ, ಪಂಕ್ಚರ್ ಅಂಗಡ್ಯಾಗ ಕಾರು ಅಂದ್ರ ಕಣ್ಮುಚ್ಚಿ 35 ತುಂಬ್ತಾರ. 26ಕ್ಕ ಇಳಿಸಿದ ಕೂಡ್ಲೆ ಅರ್ಧ ಗಡಗಡ ಹೋತು, ಖರೇ ಹೇಳ್ತೀನಿ, ಸ್ಟ್ರಟ್ ಬಾರ್ ಮಾಡದ ಕೆಲಸ ಹವಾ ಬಿಟ್ಟಿದ್ದು ಮಾಡ್ತು. ಸಾಫ್ಟ್ ಟಾಪ್, ಅಂದ್ರ ಮಡಚೋ ಅರಬಿ ಛತ್, ಅದರ ಮುಂದಿನ ಎರಡೂ ಲ್ಯಾಚ್ ಸಡಿಲಿದ್ವು, ಅವನ್ನೂ ಬಿಗಿ ಮಾಡ್ದೆ. ಉಳಿದ ಅರ್ಧ ಬಾಡಿದು.

ಅಳತಿ ಹೆಂಗಂದ್ರ, ಬಾಗಿಲ ಹಿಂದಿನ ಅಂಚಿಗೂ ಹಿಂದಿನ ಫೆಂಡರ್‌ಗೂ ನಡುವಿನ ಸಂದಿ, ಮ್ಯಾಲಿನ ಮೂಲಿ ಹತ್ರ, ಮಾಸ್ಕಿಂಗ್ ಟೇಪ್ ಹಚ್ಚಿ ಪೆನ್ನಿಲೆ ಗುರ್ತು ಮಾಡಿ ಅಲ್ಲೇ ವರ್ನಿಯರ್ ಇಟ್ಟು ನೋಡೋದು. ಸಪಾಟ ಜಾಗದಾಗ ಎಡಗಡೆ 5.2 ಮಿಮೀ. ಮುಂದಿನ ಎಡ ಗಾಲಿ ಒಂದ ಜಾಕಿನಿಂದ ಎತ್ತಿದ್ರ 4.1. ಅಂದ್ರ 1.1 ಮಿಮೀ ಓಡಾಟ. ಬಲಗಡೆ ಅಷ್ಟಿರ್ಲಿಲ್ಲ, 0.8 ಹತ್ರ. ಇದು ಲ್ಯಾಬೊರೇಟರಿ ಅಳತಿ ಅಲ್ಲ, ಆದ್ರ ಪ್ರತಿ ಸಲ ಅದ ಜಾಗ, ಅದ ಜಾಕ್, ಅದ ಎತ್ತರ, ಹಂಗಾಗಿ ಹೋಲಿಕೆಗೆ ನಡೀತದ. ಎಡಗಡೆ ಯಾಕ ಜಾಸ್ತಿ ಅನ್ನೋದು ತಲಿಯಾಗ ಕೊರೀತಾ ಇತ್ತು.

ಕೆಳಗ ಹೊಕ್ಕು ನೋಡಿದ್ರ ಹೊಟ್ಟಿಯಾಗ ಖಾರ ಕಲಸಿದಂಗಾತು. ತಳದ ಎರಡು ರೇಲ್ ಅಂದ್ನಲ್ಲ, ಅವು ತಗಡು ಮಡಚಿ ಫ್ಲೋರ್‌ಗೆ ಸ್ಪಾಟ್ ವೆಲ್ಡ್ ಮಾಡಿದ ಟೊಳ್ಳು ಪಟ್ಟಿ. ಹಿಂದಿನ ಯಾವನೋ ಮೆಕ್ಯಾನಿಕ್ ಟ್ರಾಲಿ ಜಾಕ್ ಸೀದಾ ಅವುಗಳ ಮ್ಯಾಲ ಇಟ್ಟು ಗಾಡಿ ಎತ್ಯಾನ, ಒಂದು ಸಲ ಅಲ್ಲ, ಹತ್ತಾರು ಸಲ. ಎಡಗಡೆ ರೇಲ್ ಮೂರು ಕಡೆ ಚಪಾತಿ ಆಗಿ ಕುಂತಿತ್ತು. ಈ ಗಾಡಿ ಎತ್ತಬೇಕಾದ್ದು ಸಿಲ್ ಕೆಳಗಿನ ಅಂಚಿನ್ಯಾಗ ಎರಡು ಕಚ್ಚಿನ ನಡುವಿನ ಗಟ್ಟಿ ಜಾಗಕ್ಕ, ಇಲ್ಲಂದ್ರ ಮುಂದಿನ ಸಬ್‌ಫ್ರೇಮ್‌ಗೆ. ರೇಲ್‌ಗೆ ಅಲ್ಲವೇ ಅಲ್ಲ.

ಆಮ್ಯಾಲ ಎಡಗಡೆ ಸಿಲ್, ಹಿಂದಿನ ಗಾಲಿ ಮುಂದ. ಪೇಂಟ್ ಸಣ್ಣಗ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ, ಬಿಸ್ಕೀಟಿನ್ಯಾಗ ಹೋದಂಗ ಒಳಗ ಹೋತು.

ಇದರ ಮೂಲ ಸೀಟಿನ ಹಿಂದ ಅದ. ಸಾಫ್ಟ್ ಟಾಪ್ ಮ್ಯಾಲ ಬಿದ್ದ ಮಳಿ ನೀರು ಹಿಂದಿನ ಎರಡೂ ಮೂಲಿಯಾಗ ಒಂದೊಂದು ಡ್ರೇನ್ ಪೈಪಿನಾಗ ಇಳದು ಕೆಳಗ ಹೋಗಬೇಕು. ಎಲಿ, ಮಣ್ಣು, ಧೂಳು ಕಟ್ಟಿ ಆ ಪೈಪ್ ಮುಚ್ಚಿದ್ರ ನೀರು ದಾರಿ ಬಿಟ್ಟು ಸಿಲ್ ಒಳಗ ನಿಲ್ಲತದ. ಮುಂಬೈ ಮಳಿ, ಪುಣೆ ಮಳಿ, ಅದಕ್ಕಿಂತ ಮೊದಲ ಇಂಗ್ಲೆಂಡಿನ ಚಳಿಗಾಲದ ರಸ್ತೆ ಉಪ್ಪು. ನಾನು ಎಡಗಡೆ ಡ್ರೇನ್‌ನಾಗ ಹಳೇ ಕ್ಲಚ್ ಕೇಬಲ್ ಇಳಿಸಿ ತಿರುವಿದಾಗ ಒಂದು ಹಿಡಿ ಕರಿ ಕೆಸರು, ಜೊತಿಗೆ ಗುಲ್‌ಮೊಹರ್ ಎಲಿ ಬಂದ್ವು. ಬಾಗಿಲ ಸಂದಿ ಎಡಗಡೆ ಯಾಕ ಜಾಸ್ತಿ ಓಡಾಡ್ತಿತ್ತು ಅನ್ನೋದಕ್ಕ ಇದ ಉತ್ತರ. ಸಿಲ್ ಕೊಳತಿರೋ ಗಾಡಿಗೆ ಬ್ರೇಸ್ ಹಚ್ಚೋದಂದ್ರ ಗೆದ್ದಲು ತಿಂದ ತೊಲಿಗೆ ಬಣ್ಣ ಬಳದಂಗ.

ಕೆಲಸ ಶುರು ಮಾಡಿದ್ದು ಚಿಂಚವಾಡ್ ಸೊಸೈಟಿ ಪಾರ್ಕಿಂಗ್‌ನಾಗ. ಗ್ರೈಂಡರ್ ಹತ್ತು ನಿಮಿಷ ನಡಿಸೋದ್ರಾಗ ಸೆಕ್ರೆಟರಿ ಇಳದು ಬಂದ್ರು. ಹಂಗಾಗಿ ಭೋಸರಿ ಎಂಐಡಿಸಿಗೆ (ಅಲ್ಲಿನ ಕೈಗಾರಿಕಾ ಪ್ರದೇಶ), ಒಬ್ಬರು ಇಂಡಿ ಕಡೇವ್ರ ಫ್ಯಾಬ್ರಿಕೇಶನ್ ಶೆಡ್‌ಗೆ. ಮೂವತ್ತು ವರ್ಷದಿಂದ ಪುಣೆದಾಗ ಇದ್ರೂ ಮಾತಿನ್ಯಾಗ ವಿಜಾಪುರ ಹಂಗ ಅದ. ನಾನು ಕಾಕಾ ಅಂತೀನಿ. ಅವರ ಮುಖ್ಯ ಕೆಲಸ ಕಬ್ಬಿನ ಟ್ರೇಲರ್ ರಿಪೇರಿ. ಗಾಡಿ ನೋಡಿ ಮೊದಲ ಕೇಳಿದ್ದು, "ಮಾಜ್ದಾ ಅಂದ್ರ ಸ್ವರಾಜ್ ಮಾಜ್ದಾ ಲಾರಿ ಅಲ್ಲೇನೋ ತಮ್ಮಾ, ಇದೇನ ಇದು ಇಷ್ಟ ಐತಿ?"

ಮೊದಲ ಸಿಲ್. ಬ್ಯಾಟರಿ ಈ ಗಾಡಿಯಾಗ ಡಿಕ್ಕಿಯೊಳಗ ಇರ್ತದ, ಅದನ್ನ ಬಿಚ್ಚಿಟ್ಟೆ, ಇಸಿಯು (ಇಂಜಿನ್ ಕಂಪ್ಯೂಟರ್) ಕನೆಕ್ಟರ್ ತಗದೆ, ಸೀಟು, ಕಾರ್ಪೆಟ್, ಅದರ ಕೆಳಗಿನ ಫೆಲ್ಟ್ ಬಹುತೇಕ ಹೊರಗ. ಕಾಕಾ ಕೊಳೆತದ್ದು ಕತ್ತರಿಸಿ ಗಟ್ಟಿ ತಗಡು ಸಿಗೋತನಕ ಹೋದ್ರು. ನಾ ಅಂದ್ಕೊಂಡಿದ್ದು ಅಂಗೈ ಅಷ್ಟು ಜಾಗ, ಆಗಿದ್ದು ಗೇಣುದ್ದ, ಅದೂ ಎರಡು ಪದರ. ಒಳಗಿನ ಪದರ ಮೊದಲ, ಅದಕ್ಕ ಜಿಂಕ್ ಪ್ರೈಮರ್, ಆಮ್ಯಾಲ ಹೊರಗಿಂದು, 1.2 ಮಿಮೀ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್, ಸಿಓಟು ವೆಲ್ಡಿಂಗ್. ಒಂದ ಸಮ ಎಳೀಲಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕ್ಕೋತ, ಆರಲಿಕ್ಕೆ ಬಿಟ್ಟು, ಮತ್ತ ಚುಕ್ಕಿ. ಎಳದ್ರ ತಗಡು ಹಪ್ಪಳದಂಗ ಸೊಟ್ಟಾಗ್ತದ. ವೆಲ್ಡ್ ಮಾಡೋವಾಗ ಬಾಗಿಲ ಹಾಕೇ ಇಟ್ಟಿದ್ವಿ, ಸಂದಿ ಕಣ್ಣ ಮುಂದ ಇರಲಿ ಅಂತ. ಕಡೀಗೆ ಒಳಗ ತುಕ್ಕು ಹಿಡಿಬಾರದಂತ ಕ್ಯಾವಿಟಿ ವ್ಯಾಕ್ಸ್ ಹೊಡದು ಮುಚ್ಚಿದ್ವಿ.

ಬರೇ ಸಿಲ್ ರಿಪೇರಿ ಆದ ಮ್ಯಾಲ ಅಳತಿ ಮಾಡಿದ್ರ 1.1 ಇದ್ದದ್ದು 0.8ಕ್ಕ ಬಂತು, ಎರಡೂ ಕಡೆ ಸಮ. ಒಂದೂ ಬ್ರೇಸ್ ಹಚ್ಚೋಕಿಂತ ಮೊದಲ.

ಮುಂದ ರೇಲ್. ಹೊರದೇಶದಾಗ ಇದಕ್ಕ ರೆಡಿ ಕಿಟ್ ಸಿಗ್ತಾವ, ಹಳೇ ರೇಲ್ ಮ್ಯಾಲ ಟೋಪಿಗತೆ ಕೂಡೋ ದಪ್ಪ ಚಾನೆಲ್. ಶಿಪ್ಪಿಂಗ್, ಡ್ಯೂಟಿ ಸೇರಿಸಿದ್ರ ಆ ಕಿಮ್ಮತ್ತಿನ್ಯಾಗ ಕಾಕಾ ಒಂದು ಟ್ರೇಲರ್ ಕಟ್ಟಿಕೊಡ್ತಾರ. ಹಂಗಾಗಿ ಕಾರ್ಡ್‌ಬೋರ್ಡ್ ಟೆಂಪ್ಲೇಟ್ ಮಾಡಿ, 2.5 ಮಿಮೀ ಶೀಟ್ ಬಾಜೂ ಶೆಡ್‌ನ ಬೆಂಡಿಂಗ್ ಮಶೀನ್‌ನಾಗ ಯು ಆಕಾರಕ್ಕ ಮಡಚಿಸ್ದೆ. ಚಪ್ಪಟ್ಟಿ ಆಗಿದ್ದ ಹಳೇ ರೇಲ್ ಮೊದಲ ಎಳದು ಬಡದು ಒಂದು ಆಕಾರಕ್ಕ ತಂದ್ವಿ, ಇಲ್ಲಂದ್ರ ಟೋಪಿ ಕೂಡಂಗಿಲ್ಲ.

ನಾ ಬರದ ನಕ್ಷಾದಾಗ ಚಾನೆಲ್ ತುದಿ ಸೀದಾ ಕತ್ತರಿಸಿತ್ತು. ಕಾಕಾ ನೋಡಿ ತಲಿ ಅಲ್ಲಾಡಿಸಿದ್ರು. ಶೆಡ್ ಹಿಂದ ಕರಕೊಂಡು ಹೋಗಿ ಒಂದು ಟ್ರೇಲರ್ ಚಾಸಿ ತೋರಿಸಿದ್ರು, ಯಾರೋ ಚೌಕ ಪ್ಲೇಟ್ ಹಾಕಿ ಗಟ್ಟಿ ಮಾಡಿದ್ರು, ಪ್ಲೇಟ್ ಎಲ್ಲಿ ಮುಗೀತದೋ ಕರೆಕ್ಟ್ ಅಲ್ಲೇ ಚಾಸಿ ಸೀಳಿತ್ತು, ಕೂದಲೆಳಿ ಗೆರಿ ಅಲ್ಲ, ಒಂದು ರೂಪಾಯಿ ನಾಣ್ಯ ತೂರೋವಷ್ಟು. "ಗಟ್ಟಿ ಮುಗದಲ್ಲೇ ಸೀಳತೈತಿ ತಮ್ಮಾ. ತುದಿ ಮೀನಿನ ಬಾಯಿ ಮಾಡು." ಅಂದ್ರ ದಪ್ಪ ಪ್ಲೇಟ್ ಒಮ್ಮೆಲೆ ಮುಗಿಬಾರದು, ತುದಿಗೆ ವಿ ಆಕಾರದ ಕಚ್ಚು ಕೊಟ್ಟು ಸಾವಕಾಶ ತೆಳ್ಳಗಾಗ್ತಾ ಹೋಗಬೇಕು, ಜೋರು ಒಂದ ಗೆರಿ ಮ್ಯಾಲ ಬೀಳಬಾರದು. ನಾನು ಡಿಪ್ಲೊಮಾದಾಗ ಸ್ಟ್ರೆಸ್ ಕಾನ್ಸಂಟ್ರೇಶನ್ ಅಂತ ಆರು ಮಾರ್ಕಿನ ಪ್ರಶ್ನೆಗೆ ಬರದಿದ್ದೆ, ಪಾಸೂ ಆಗಿದ್ದೆ, ನಕ್ಷಾ ಬರೆಯೋವಾಗ ನೆನಪಾಗ್ಲಿಲ್ಲ. ನಾಲ್ಕೂ ತುದಿ ಮೀನಿನ ಬಾಯಿ ಮಾಡ್ದ್ವಿ.

ಚಾನೆಲ್ ವೆಲ್ಡ್ ಮಾಡ್ಲಿಲ್ಲ, ಬೋಲ್ಟ್ ಹಾಕಿದ್ವಿ. ಬ್ಯಾಡ ಅನ್ಸಿದ್ರ ಬಿಚ್ಚಬಹುದು, ಮತ್ತ ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 52 ಗಾಡಿ ಮಾರ್ಪಾಡಿನ ಮ್ಯಾಲ ಕಣ್ಣಿಟ್ಟಿರ್ತದ, ಮೂಲ ಬಾಡಿ ಕೊಯ್ಯೋದು ನನಗ ಬೇಕಾಗಿರ್ಲಿಲ್ಲ. ಬೋಲ್ಟ್ ಎಂ8 (8 ಮಿಮೀ ದಪ್ಪ), 8.8 ಗ್ರೇಡಿನ ಗಟ್ಟಿ ಉಕ್ಕು, ರವಿವಾರ ಪೇಠದ ಬೋಹ್ರಿ ಆಳಿಯಿಂದ ತಂದದ್ದು. ಟೊಳ್ಳು ರೇಲ್‌ನಾಗ ಬರೇ ಬೋಲ್ಟ್ ಹಾಕಿ ಬಿಗಿದ್ರ ರೇಲ್ ಮತ್ತ ಚಪ್ಪಟ್ಟಿ ಆಗ್ತದ, ಅದಕ್ಕ ಪ್ರತಿ ಬೋಲ್ಟಿಗೂ ಒಳಗ ಒಂದು ಪೈಪಿನ ತುಂಡು, ರೇಲ್ ಎತ್ತರಕ್ಕ ಸರಿಯಾಗಿ ಕತ್ತರಿಸಿದ್ದು. ಬೋಲ್ಟಿನ ಜೋರು ಪೈಪ್ ಹೊರ್ತದ, ತಗಡಲ್ಲ. ಫ್ಲೋರ್ ಒಳಗಡೆ ದೊಡ್ಡ ವಾಶರ್, ಸುತ್ತ ಸೀಲರ್.

ಡ್ರಿಲ್ ಮಾಡೋಕಿಂತ ಮೊದಲ ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಎಲ್ಲಿ ಹಾಯ್ದಾವ ಅಂತ ಸುಣ್ಣದಕಡ್ಡಿಯಿಂದ ಗುರ್ತು ಮಾಡ್ರಿ. ಕಾರ್ಪೆಟ್ ಪೂರ್ತಿ ತಗೀರಿ, ಅರ್ಧ ಮಡಚಿಟ್ರ ನಡಿಯಂಗಿಲ್ಲ. ನಾನು ಬಲಗಡೆ ಫೆಲ್ಟ್ ಒಂದು ಮೂಲಿ ಉಳಿಸಿದ್ದೆ, ಕೆಳಗಿಂದ ಮ್ಯಾಲ ಬಂದ ಡ್ರಿಲ್ ಬಿಟ್ ಅದನ್ನ ಹಿಡಕೊಂಡು ಗಿರಗಿರ ಸುತ್ತಿ ಮಶೀನ್ ಕೈಯಿಂದ ಕಸಗೊಂತು. ಮಣಿಕಟ್ಟು ಒಂದು ವಾರ ಬಾತಿತ್ತು.

ಈಗ ನಾ ಮಾಡಿದ ದೊಡ್ಡ ತಪ್ಪು. ಗಾಡಿ ನಾಲ್ಕು ಜಾಕ್ ಸ್ಟ್ಯಾಂಡ್ ಮ್ಯಾಲ ಇತ್ತು, ಚಾನೆಲ್ ಕೂಡಿಸ್ದೆ, ಎಲ್ಲಾ ಬೋಲ್ಟ್ ಟಾರ್ಕ್ ರೆಂಚ್ ಹಾಕಿ ಶಿಸ್ತಾಗಿ ಬಿಗಿದೆ, ಕೆಳಗ ಇಳಿಸ್ದೆ, ಎಡಗಡೆ ಬಾಗಿಲ ಹಾಕಿದ್ರ ಕೂಡವಲ್ದು. ಎರಡು ಸಲ ಬಡದ್ರ ಒಂದು ಸಲ ಹತ್ತತದ. ಬಲಗಡೆ ಸರಿ. ಸ್ಟ್ರೈಕರ್ (ಬಾಗಿಲ ಲಾಕ್ ಹಿಡಿಯೋ ಕೊಕ್ಕೆ) ಸರಿಸಿದೆ, ಹಿಂಜ್ ನೋಡಿದೆ, ಕಾಕಾನ ವೆಲ್ಡಿಂಗ್ ಮ್ಯಾಲೂ ಮನಸಿನ್ಯಾಗ ಸಂಶೇ ಬಂತು, ಅದು ಅವರಿಗೆ ಹೇಳಿಲ್ಲ, ಇಲ್ಲಿ ಬರೀಲಿಕ್ಹತ್ತೀನಿ ಅಷ್ಟ. ಒಂದು ಐತ್ವಾರ ಪೂರ್ತಿ ಹಿಂಗ ಹೋತು. ಸಂಜಿಗೆ ಕಾಕಾ ಡಬ್ಬಿಯಾಗಿನ ಕಟಕ ರೊಟ್ಟಿ ಶೇಂಗಾ ಹಿಂಡಿ ಮುರಕೊಂಡು ತಿನ್ಕೋತ ಸ್ಟ್ಯಾಂಡ್ ಇಟ್ಟಿದ್ದ ನೆಲ ನೋಡಿದಾಗ ಹೊಳೀತು. ಶೆಡ್ ನೆಲ ಒಂದು ಮೂಲಿಗೆ ಇಳಿಜಾರು. ಸ್ಟ್ಯಾಂಡ್ ಮ್ಯಾಲ ಗಾಡಿ ಸಣ್ಣಗ ತಿರುಚಿಕೊಂಡು ಕುಂತಿತ್ತು. ಮತ್ತ ಸಿಲ್ ಕೆಳಗ ಆಧಾರ ಕೊಟ್ರ ಇಂಜಿನ್ ಕಡೆ ತುದಿ, ಡಿಕ್ಕಿ ಕಡೆ ತುದಿ ಎರಡೂ ಜೋತು ಬೀಳ್ತಾವ, ಬಾಗಿಲ ಸಂದಿ ಮ್ಯಾಲ ಅಗಲಾಗ್ತದ. ನಾನು ಆ ಸೊಟ್ಟ ಆಕಾರದಾಗನ ಬಿಗಿದು ಬೀಗ ಹಾಕಿದ್ದೆ.

ಪರಿಹಾರ ಸುಲಭ. ಎಲ್ಲಾ ಬೋಲ್ಟ್ ಸಡಿಲ ಮಾಡಿ, ಗಾಲಿ ಕೆಳಗ ನಾಲ್ಕೂ ಕಡೆ ಕಟ್ಟಿಗಿ ದಿಮ್ಮಿ ಇಟ್ಟು ಗಾಡಿ ತನ್ನ ಕಾಲ ಮ್ಯಾಲ ನಿಲ್ಲಂಗ ಮಾಡಿ, ನೀರಿನ ನಳಿಯಿಂದ ನಾಲ್ಕೂ ದಿಮ್ಮಿ ಸಪಾಟ ನೋಡಿ, ಎರಡು ಸಲ ಒತ್ತಿ ಕುಲುಕಿಸಿ ಸಸ್ಪೆನ್ಶನ್ ಕೂಡಿಸಿ, ಎರಡೂ ಬಾಗಿಲ ಸರಾಗ ಹತ್ತತಾವ ಅಂತ ಖಾತ್ರಿ ಆದ ಮ್ಯಾಲ ಕೆಳಗ ಹೊಕ್ಕು ಬಿಗಿಯೋದು. ಬಾಗಿಲ ಒಂದ ಬೆರಳಿಗೆ ಹತ್ತಿತು. ಸಂದಿ ಓಡಾಟ 0.5.

ಕಡೀದು ಎಕ್ಸ್ ಬ್ರೇಸ್, ಎರಡೂ ರೇಲ್ ನಡುವ ಟನಲ್ ಬಾಯಿ ಕಟ್ಟೋದು. ಟನಲ್ ಅಂದ್ರ ಕೆಳಗ ಬಾಯಿ ತೆರೆದ ಡಬ್ಬಿ, ಉದ್ದಕ್ಕ ಸೀಳಿದ ಪಿವಿಸಿ ಪೈಪ್ ಕೈಲೆ ತಿರುಚಬಹುದು, ಸೀಳು ಮುಚ್ಚಿದ್ರ ತಿರುಚೂದಿಲ್ಲ, ಅದ ಲೆಕ್ಕ. 32 ಮಿಮೀ ಪೈಪ್, 2 ಮಿಮೀ ದಪ್ಪ. ತ್ರಾಸು ಅಂದ್ರ ಅಲ್ಲೇ ಎಕ್ಸಾಸ್ಟ್ ಹಾಯ್ತದ, ಗಾಡಿ ಮೊದಲ ನೆಲಕ್ಕ ಹತ್ರ. ಮೊದಲನೇ ಎಕ್ಸ್ ಎಕ್ಸಾಸ್ಟ್‌ಗೆ ತಾಗದಂಗ ಕೆಳಗಿಳಿಸಿ ಮಾಡ್ದ್ವಿ, ಶೆಡ್ ಗೇಟಿನ ಸ್ಪೀಡ್ ಬ್ರೇಕರ್ ಮ್ಯಾಲನ ಖರ್ರ್ ಅಂತು, ಐವತ್ತು ಮೀಟರೂ ಓಡಿರ್ಲಿಲ್ಲ. ಎರಡನೇದಕ್ಕ ನಡುವಿನ ಕೂಡು ಜಾಗದಾಗ ಪೈಪ್ ಬಿಟ್ಟು 5 ಮಿಮೀ ಪ್ಲೇಟ್ ಹಾಕಿದ್ವಿ, ಎಕ್ಸಾಸ್ಟ್‌ಗೂ ಪ್ಲೇಟ್‌ಗೂ ಬೆರಳು ಹೋಗೋವಷ್ಟು ಸಂದಿ, ಯಾಕಂದ್ರ ಬಿಸಿ ಆದ ಎಕ್ಸಾಸ್ಟ್ ಉದ್ದಾಗ್ತದ, ರಬ್ಬರ್ ಹ್ಯಾಂಗರ್ ಮ್ಯಾಲ ತೂಗ್ತದ, ತಾಗಿದ್ರ ಇಡೀ ಗಾಡಿ ತಂಬೂರಿ. ಓಡಾಟ 0.4ಕ್ಕ ಬಂತು. ಇಷ್ಟು ಒದ್ದಾಡಿದ್ದಕ್ಕ 0.1, ಕಾಕಾಗ ಹೇಳ್ದಾಗ "ಮಜೂರಿ ಅಷ್ಟ ಕೊಡ್ತೀಯೇನ ಮತ್ತ" ಅಂತ ನಕ್ಕರು.

ಎಲ್ಲಾ ಸೇರಿ ಹನ್ನೊಂದು ಕಿಲೋ ಹತ್ರ ಕಬ್ಬಿಣ ಏರ್ತು, ಸುಮಾರು ಸಾವಿರದೈವತ್ತು ಕಿಲೋ ಗಾಡಿಗೆ. ಸ್ಟ್ರಟ್ ಬಾರ್ ಬಿಟ್ಟು ಖರ್ಚು 9,400, ಅದರಾಗ ಅರ್ಧಕ್ಕ ಹೆಚ್ಚು ಸಿಲ್ ವೆಲ್ಡಿಂಗ್‌ದು.

ಹೋದ ಶನಿವಾರ ನಸುಕಿನ್ಯಾಗ ತಾಮ್ಹಿಣಿ ಘಾಟಿಗೆ ಒಯ್ದಿದ್ದೆ. ಮುಳಶಿ ದಾಟಿದ ಮ್ಯಾಲ ರಸ್ತೆ ತೇಪಿ ತೇಪಿ ಆಗಿರೋ ಒಂದು ಎಡ ತಿರುವದ, ಮೊದಲ ಅಲ್ಲಿ ಗಾಡಿ ಎರಡು ಸಲ ತಿರುಗ್ತಿತ್ತು, ಮೊದಲ ಮುಂಭಾಗ, ಒಂದು ಕ್ಷಣ ಬಿಟ್ಟು ಹಿಂಭಾಗ, ನಾನು ಸ್ಟೀರಿಂಗ್ ತಿದ್ದತಿದ್ದೆ. ಈಗ ಒಮ್ಮೆ ತಿರುವಿದ್ರ ಮುಗೀತು. ಸ್ಪೀಡ್ ಏನ್ ಹೆಚ್ಚಾಗಿಲ್ಲ, ತಿದ್ದೋದು ಕಡಿಮಿ ಆಗ್ಯದ. ಮೊದಲ ಬರೇ ಗುಂಯ್ ಅನ್ನಿಸ್ತಿದ್ದ ಹಿಂದಿನ ಎಡ ಶಾಕ್ ಸತ್ತದ ಅನ್ನೋದೂ ಈಗ ಸ್ಪಷ್ಟ ಗೊತ್ತಾಗ್ಲಿಕ್ಹತ್ಯದ, ಬಾಡಿ ಅಲುಗಾಡೋದ್ರಾಗ ಅದು ಮುಚ್ಚಿ ಹೋಗಿತ್ತು. ಅಂದ್ರ ಮುಂದಿನ ಖರ್ಚು ರೆಡಿ.

ವಾಪಸ್ ಬಂದು ಸ್ಟ್ರಟ್ ಬಾರ್ ಬಿಚ್ಚಿ ಮತ್ತೊಮ್ಮೆ ಅಳದೆ, 0.4, ಇದ್ದಷ್ಟ. ಆದ್ರೂ ವಾಪಸ್ ಹಚ್ಚೀನಿ, ಚಂದ ಕಾಣ್ತದ. ಕನ್ನಡಿ ಇನ್ನೂ ಸ್ವಲ್ಪ ನಡುಗ್ತದ, ಟೆಂಪೋ ಮಾತ್ರ ಈಗ ಒಂದ. ಬಲಗಡೆ ಸಿಲ್ ಒಳಗ ಏನದ ಅಂತ ನೋಡೋದಕ್ಕ ಫೋನಿಗೆ ಹಚ್ಚೋ ಎಂಡೋಸ್ಕೋಪ್ ಕ್ಯಾಮೆರಾ ಆರ್ಡರ್ ಮಾಡೀನಿ. ಆ ಕಡೆ ಡ್ರೇನ್‌ನಾಗಿಂದೂ ಗುಲ್‌ಮೊಹರ್ ಎಲಿನ ಬಂದಿದ್ವು.